ಪಾಲಾಕ್ಷನ ಕಿವಿ ಸರಿಯಾಗಿತ್ತು

ಇಲ್ಲಿ ಸೇರಿರುವ ಹಿರಿಯರೇ, ತಾಯಂದಿರೇ, ವಾದ್ಯಗಾರ ಮಿತ್ರರೇ, ಚಿತ್ರಮಂದಿರಗಳ ನೌಕರ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಪಾಲಾಕ್ಷ ಅವರ ತಾಯಿ ಗುರುಸಿದ್ದಮ್ಮನವರು. ಪಕ್ಕದಲ್ಲಿ ಅವರ ಸೊಸೆ, ಮದರಾಸಿನಿಂದ ಬಂದಿರುವ ಪ್ರೇಮಕುಮಾರಿಯವರು. ಅವರಿಬ್ಬರಿಗೂ ನನ್ನ ನಮಸ್ಕಾರ.

ನನ್ನ ಹೆಸರು ಲಕ್ಕಯ್ಯ. ಹಾಸನದ ಒಂದು ಚಿತ್ರಮಂದಿರದಲ್ಲಿ ಆಪರೇಟರ್. ಅದಕ್ಕೆ ಮುಂಚೆ ಹದಿನೆಂಟು ವರ್ಷ ಟೂರಿಂಗ್ ಟಾಕೀಸಿನಲ್ಲಿ ಇದ್ದೆ. ಈ ವರ್ಷ ನಾನು ಮಾತಾಡುತ್ತಿರುವ ಮೂರನೇ ಶ್ರದ್ಧಾಂಜಲಿ ಸಭೆ ಇದು. ಜನವರಿಯಲ್ಲಿ ಒಬ್ಬರು, ಮಾರ್ಚಿನಲ್ಲಿ ಒಬ್ಬರು, ಈಗ ಇವರು. ಸತ್ತವರ ಬಗ್ಗೆ ಮಾತಾಡಿ ಮಾತಾಡಿ ನನಗೆ ದಣಿವಾಗಿದೆ. ನೌಕರರ ಸಂಘದ ಅಧ್ಯಕ್ಷರು ಹತ್ತು ನಿಮಿಷ ಎಂದಿದ್ದಾರೆ. ಸ್ವಲ್ಪ ಹೆಚ್ಚಾದರೆ ಕ್ಷಮಿಸಿ. ಯಾಕೆ ಹೆಚ್ಚಾಗಬೇಕು ಎಂಬುದು ಕೊನೆಗೆ ತಮಗೇ ತಿಳಿಯುತ್ತದೆ.

ಇನ್ನೊಂದು ಮಾತು. ಸಭೆಯಲ್ಲಿ ‘ಅವರು’ ಎನ್ನಬೇಕು, ಗೊತ್ತಿದೆ. ಆದರೆ ಹದಿನೆಂಟು ವರ್ಷದ ಹುಡುಗನಾಗಿದ್ದಾಗಿನಿಂದ ಕಂಡವನು. ಬಾಯಿ ‘ಅವನು’ ಎನ್ನುತ್ತದೆ. ಅಮ್ಮ, ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೊದಲು ಪತ್ರಿಕೆಯ ವಿಷಯ. ಪಾಲಾಕ್ಷ ಕಳೆದ ತಿಂಗಳು ಹದಿನಾಲ್ಕರಂದು ಮದರಾಸಿನಲ್ಲಿ ಕಾಮಾಲೆಯಿಂದ ತೀರಿಕೊಂಡ. ವಯಸ್ಸು ಮೂವತ್ತನಾಲ್ಕು. ಮಾರನೇ ದಿನ ಒಂದು ದಿನಪತ್ರಿಕೆಯಲ್ಲಿ ನಾಲ್ಕು ಅಂಗುಲದ ಸುದ್ದಿ ಬಂತು. ಅದರಲ್ಲಿ ಎರಡು ತಪ್ಪು ಇವೆ. ಊರು ಹೊಳೆನರಸೀಪುರ ಎಂದಿದೆ. ಅವನು ಹುಟ್ಟಿದ್ದು ಅರಕಲಗೂಡಿನ ಕೋಟೆಯಲ್ಲಿ, ಬಟ್ಟೆ ಅಂಗಡಿ ಶಿವಯ್ಯನವರ ಮಗನಾಗಿ. ಬೆಂಗಳೂರಿನಲ್ಲಿ ಸಂಗೀತ ಕಲಿತರು ಎಂದಿದೆ. ಅವನು ಕಲಿತದ್ದು ಶ್ರೀ ವೀರಭದ್ರ ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ, ನನ್ನ ಪ್ರೊಜೆಕ್ಟರ್ ಮಿಷನ್ನಿನ ಪಕ್ಕದಲ್ಲಿ. ಏಳು ಚಿತ್ರ, ನಲವತ್ತೊಂದು ಹಾಡು — ಈ ಲೆಕ್ಕ ಸರಿಯಾಗಿದೆ.

ಮೂರನೇ ತಪ್ಪೊಂದಿದೆ. ಅದು ಪತ್ರಿಕೆಯದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗಿನವರಿಗೆ ಟೆಂಟಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮಾಲೀಕರು ಚನ್ನರಾಯಪಟ್ಟಣದ ಚಂದ್ರಶೇಖರಯ್ಯನವರು, ತೆಂಗಿನಕಾಯಿ ವ್ಯಾಪಾರದವರು. ಈಗ ಅವರೂ ಇಲ್ಲ. ಲೈಸೆನ್ಸ್ ಇರುವಷ್ಟು ತಿಂಗಳು ಒಂದು ಊರಿನಲ್ಲಿ, ಮುಗಿದರೆ ಟೆಂಟು ಸುತ್ತಿಕೊಂಡು ಇನ್ನೊಂದು ಊರು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು — ಇಷ್ಟರಲ್ಲೇ ಸುತ್ತಾಟ. ಕರೆಂಟು ಇಲ್ಲ. ನಮ್ಮದೇ ಜನರೇಟರು. ಮಿಷನ್ನು ಒಂದೇ. ಹಾಗಾಗಿ ಒಂದು ರೀಲು ಮುಗಿದರೆ ಅದನ್ನು ಬಿಚ್ಚಿ ಇನ್ನೊಂದನ್ನು ಹಾಕುವವರೆಗೆ ಪರದೆ ಖಾಲಿ. ಎರಡು ನಿಮಿಷ. ಎಷ್ಟೇ ಕೈಚಳಕ ಇದ್ದರೂ ಎರಡು ನಿಮಿಷ ಬೇಕೇ ಬೇಕು.

ಆ ಎರಡು ನಿಮಿಷ ಆಪರೇಟರನ ಪಾಲಿಗೆ ಏನು ಎಂಬುದನ್ನು ಇಲ್ಲಿ ಹಿಂದೆ ನಿಂತಿರುವ ನಮ್ಮ ಪುಟ್ಟರಾಜುವನ್ನು ಕೇಳಿ, ಅವನೂ ಆಪರೇಟರೇ. ಸಿಳ್ಳೆ. ಮಣ್ಣಿನ ಹೆಂಟೆ. “ಲೇ ಲಕ್ಕ, ನಿದ್ದೆ ಒಡೀತಿದ್ದೀಯೇನ್ಲಾ?” “ಸುತ್ಲಾ ಬೇಗ, ನಾಯಕಿ ಬಾವಿಗ್ ಬಿದ್ಲೋ ಇಲ್ವೋ ಏಳು!” — ಹೀಗೆ.

ಸಾವಿರದ ಒಂಬೈನೂರ ಐವತ್ತನಾಲ್ಕನೇ ಇಸವಿ. ಎಸ್ಟೇಟು ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ಬಿಳಿ ದೊರೆಯ ಸಾಮಾನುಗಳ ಹರಾಜು ಹಾಸನದಲ್ಲಿ ನಡೆಯಿತು. ಪಾಲಾಕ್ಷ ಅಲ್ಲಿಂದ ಒಂದು ಗಿಟಾರು ಹಿಡಿದುಕೊಂಡು ಬಂದ. ಆರು ತಂತಿ ಇರಬೇಕಾದ ಕಡೆ ಐದು ಇದ್ದವು. ಯುದ್ಧದ ಕಾಲದ ಹಳೇ ಹೆಡ್‌ಫೋನ್ ಒಂದನ್ನು ಎಲ್ಲಿಂದಲೋ ತಂದು, ಅದರ ಒಳಗಿನ ಅಯಸ್ಕಾಂತ ಬಿಚ್ಚಿ, ತಂತಿಗಳ ಕೆಳಗೆ ಅಂಟಿಸಿ, ಒಂದು ವೈರು ಎಳೆದುಕೊಂಡು ನನ್ನ ಹತ್ತಿರ ಬಂದು ನಿಂತ.

“ಲಕ್ಕಣ್ಣ, ಇದುನ್ನ ನಿನ್ ಆಂಪ್ಲಿಫೈಯರ್‌ಗೆ ಸಿಗಿಸ್ಲಾ?”

“ಸುಟ್ ಓದ್ರೆ ನಿಮ್ಮಪ್ಪ ಕೊಡ್ತಾರಾ ಪಾಲಾಕ್ಷಪ್ಪ?”

“ಎರಡೇ ನಿಮಿಷ ಕಣಣ್ಣ. ನೀನ್ ರೀಲ್ ಆಕೋಗಂಟ.”

ಸಿಗಿಸಿದೆ. ಆಗತಾನೇ ಪರದೆಯ ಮೇಲೆ ಮುಗಿದ ಹಾಡನ್ನು ಅವನು ನುಡಿಸಿದ. ಟೆಂಟಿನ ಹಾರ್ನ್ ಸ್ಪೀಕರಿನಿಂದ ಆ ಶಬ್ದ ಬಂದಾಗ — ನೆಲದ ಮೇಲಿನವರು, ಬೆಂಚಿನವರು, ಕುರ್ಚಿಯವರು, ಎಲ್ಲರೂ ತಿರುಗಿ ಹಿಂದಕ್ಕೆ ನೋಡಿದರು. ಹೆಂಟೆ ಎಸೆಯುವುದು ಅಂದಿಗೆ ನಿಂತಿತು. ಒಂದು ವಾರದಲ್ಲಿ ಕೂಗು ಬದಲಾಯಿತು. “ಲೇ ಲಕ್ಕ, ನಿಧಾನ ಸುತ್ಲಾ! ಪಾಲಾಕ್ಷ ಇನ್ನೊಂದ್ ಬಾರ್ಸ್ಲಿ!” ಒಂದು ಆಟಕ್ಕೆ ಹದಿನೈದು ರೀಲು ಎಂದರೆ ಹದಿನಾಲ್ಕು ಸಲ. ಮೂರು ವರ್ಷ. ಸಂಜೆ ಆಟಕ್ಕೆ ಅವನು ತಪ್ಪಿಸಿದ್ದು ಕಡಿಮೆ. ಟೆಂಟು ಹೊಳೆನರಸೀಪುರಕ್ಕೆ ಹೋದರೆ ಅಲ್ಲಿಗೂ ಬರುತ್ತಿದ್ದ. ಅವನ ಪಾಠಶಾಲೆ ಅದು. ಹಾಡು ಕೇಳುವುದು, ತಂತಿಗಳನ್ನು ಅದರ ಶ್ರುತಿಗೆ ಬಿಗಿಯುವುದು, ಎರಡು ನಿಮಿಷದಲ್ಲಿ ನುಡಿಸಿ ತೋರಿಸುವುದು.

ಈಗ ನನ್ನ ಸ್ಕ್ರೂವಿನ ವಿಷಯ.

ಜನರೇಟರಿನ ಎಂಜಿನ್ನಿಗೆ ಒಂದು ಗವರ್ನರು ಇರುತ್ತದೆ — ಎಂಜಿನ್ನು ಎಷ್ಟು ಜೋರಾಗಿ ಓಡಬೇಕು ಎಂದು ಹಿಡಿದಿಡುವ ಸಾಧನ. ಅದಕ್ಕೊಂದು ಸ್ಕ್ರೂ. ಅದನ್ನು ಕಾಲು ಸುತ್ತು ತಿರುಗಿಸಿದರೆ ಎಂಜಿನ್ನು ಜೋರಾಗುತ್ತದೆ. ಎಂಜಿನ್ನು ಜೋರಾದರೆ ಮಿಷನ್ನು ಜೋರಾಗುತ್ತದೆ. ಮೂರು ಗಂಟೆಯ ಚಿತ್ರ ಎರಡು ಗಂಟೆ ಐವತ್ತು ನಿಮಿಷಕ್ಕೆ ಮುಗಿಯುತ್ತದೆ. ಅರಕಲಗೂಡಿನಲ್ಲಿ ಸಂಜೆ ಆಟ ಬಿಡುವ ಹೊತ್ತಿಗೆ ಹೊಳೆನರಸೀಪುರದ ಕೊನೇ ಬಸ್ಸು ಹೊರಡುತ್ತಿತ್ತು. ದಾರಿಯ ಹಳ್ಳಿಗಳವರೆಲ್ಲ ಅದರಲ್ಲೇ ಹೋಗಬೇಕು. ಮಾಲೀಕರು ಹೇಳಿದ್ದು ಒಂದೇ ಮಾತು: “ಬಸ್ ತಪ್ಪುದ್ರೆ ನಾಳೆ ಯಾರೂ ಬರಾಕಿಲ್ಲ ಕಣೋ. ಕಾಲ್ ಸುತ್ತು ತಿರುಗ್ಸು.”

ತಿರುಗಿಸಿದೆ. ಯಾವ ಊರಿನಲ್ಲಿದ್ದರೂ ಸಂಜೆ ಆಟಕ್ಕೆ ದಿನವೂ ತಿರುಗಿಸಿದೆ. ಬಸ್ಸು ಸಿಗುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು.

ಐವತ್ತೇಳರಲ್ಲಿ ಪಾಲಾಕ್ಷ ಬೆಂಗಳೂರಿಗೆ ಹೋದ. ಆಗ ಸಿಲೋನ್ ರೇಡಿಯೋದಲ್ಲಿ ರಾಕ್ ಅಂಡ್ ರೋಲ್ ಎಂಬ ಹೊಸ ಕುಣಿತದ ಸಂಗೀತ ಬರುತ್ತಿತ್ತು. ಅವನಿಗೆ ಅದರ ಹುಚ್ಚು ಹಿಡಿದಿತ್ತು. ದಂಡಿನ ಕಡೆಯ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಪರೀಕ್ಷೆಗೆ ನಿಂತ. ಸಿನಿಮಾ ಹಾಡೊಂದನ್ನು ಅವನು ಶುರು ಮಾಡಬೇಕು, ಉಳಿದವರು ಸೇರಿಕೊಳ್ಳಬೇಕು. ಪಿಯಾನೋದವನು ಸೇರಿಕೊಂಡ — ಶ್ರುತಿ ಸೇರಲಿಲ್ಲ. ಪಾಲಾಕ್ಷ ಅರ್ಧ ಸ್ವರ ಮೇಲಿದ್ದ. ಗಿಟಾರನ್ನು ಪಿಯಾನೋಗೆ ಸರಿಮಾಡಿ ಮತ್ತೆ ಕೊಟ್ಟರು. ಆಗಲೂ ಕೈ ತನ್ನಷ್ಟಕ್ಕೆ ಒಂದು ಮೆಟ್ಟು ಮೇಲಕ್ಕೇ ಹೋಯಿತು. ಅದು ಸಾಲದು ಅಂತ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಬ್ಯಾಂಡಿನ ಮಾಸ್ತರು ಕೋಲು ಮೇಜಿನ ಮೇಲಿಟ್ಟು ಕೇಳಿದರಂತೆ: “ಏನ್ ಮ್ಯಾನ್, ಬಸ್ ಹಿಡೀಬೇಕಾ ನಿಂಗೆ?”

ತಾವು ನಗುತ್ತಿದ್ದೀರಿ. ನಗಬೇಕಾದ ಮಾತೇ. ಆ ಮಾಸ್ತರು ತಮಗೆ ತಿಳಿಯದೆಯೇ ನಿಜ ಹೇಳಿದ್ದರು. ಅವನು ಹೊಳೆನರಸೀಪುರದ ಬಸ್ಸನ್ನೇ ಹಿಡಿಯುತ್ತಿದ್ದ. ನಾನು ಹಿಡಿಸುತ್ತಿದ್ದೆ.

ಕೆಲಸ ಸಿಗಲಿಲ್ಲ. ಊರಿಗೆ ವಾಪಸು ಬಂದ. ಅರಕಲಗೂಡಿನ ಪೇಟೆಯಲ್ಲಿ ಅವನಿಗೆ ಹೆಸರಿಟ್ಟರು — ಕೆಟ್ಟಕಿವಿ ಪಾಲಾಕ್ಷ. ಇದೇ ಆ ಮೂರನೇ ತಪ್ಪು. ಇವತ್ತು ಈ ಸಭೆಯಲ್ಲಿ ಕುಳಿತವರಲ್ಲೂ ಹಾಗೆ ಕರೆದವರು ಇದ್ದಾರೆ. ನಾನು ಕೈ ತೋರಿಸುವುದಿಲ್ಲ.

ಆರು ತಿಂಗಳು ಗಿಟಾರು ಮುಟ್ಟಲಿಲ್ಲ. ಆಮೇಲೆ ಮತ್ತೆ ಹೋದ. ಈ ಸಲ ಇನ್ನೊಂದು ಬ್ಯಾಂಡು, ಹುಡುಗರ ಬ್ಯಾಂಡು. ಓಟವೇ ಬೇಕಾಗಿದ್ದವರು. ಐವತ್ತೊಂಬತ್ತರಿಂದ ಅರವತ್ತೆರಡರವರೆಗೆ ಅವನ ಹೆಸರು ಗೋಡೆಯ ಪೋಸ್ಟರುಗಳಲ್ಲಿ ಬಂತು. ಹೋಟೆಲಿನವರು ‘ಪಾಲ್’ ಎಂದಷ್ಟೇ ಅಚ್ಚು ಹಾಕಿಸಿದ್ದರು. ಯಾರೋ ಆ ಪೋಸ್ಟರನ್ನು ಊರಿಗೆ ತಂದು ತೋರಿಸಿದಾಗ ಗುರುಸಿದ್ದಮ್ಮನವರು ಅವರ ಮನೆಯ ಜಗಲಿಯ ಕೆಳಗೆ ನಿಂತಿದ್ದ ನನ್ನನ್ನು ಕೇಳಿದರು, “ಲಕ್ಕಯ್ಯ, ನಿಜ ಏಳು. ಜಾತಿ ಬುಟ್ಟು ಕಿರಿಸ್ತಾನ ಆಗ್ಬುಟ್ನಾ ನನ್ ಮಗ?” ಹೆಸರು ಅರ್ಧ ಬಿಟ್ಟಿದ್ದಾನೆ ಅಷ್ಟೇ ಅಮ್ಮ, ಎಂದೆ.

ಆದರೆ ಅವನ ಜೇಬಿನಲ್ಲಿ ಒಂದು ವಸ್ತು ಸೇರಿಕೊಂಡಿತ್ತು. ಟ್ಯೂನಿಂಗ್ ಫೋರ್ಕ್ — ಎರಡು ಹಲ್ಲಿನ ಉಕ್ಕಿನ ಕವೆ. ತಟ್ಟಿದರೆ ಯಾವಾಗಲೂ ಒಂದೇ ಸ್ವರ ಕೊಡುತ್ತದೆ. ಪ್ರತಿ ಹಾಡಿಗೆ ಮುಂಚೆ ಅದನ್ನು ಮೊಣಕಾಲಿಗೆ ತಟ್ಟಿ ಕಿವಿಯ ಹಿಂದೆ ಹಿಡಿಯುತ್ತಿದ್ದ. ಊಟಕ್ಕೆ ಕುಳಿತಾಗಲೂ ಹಿಡಿಯುತ್ತಿದ್ದ. ತನ್ನ ಕಿವಿಯನ್ನು ಅವನು ನಂಬುತ್ತಿರಲಿಲ್ಲ.

ಅರವತ್ತರಲ್ಲಿ ನನ್ನ ಮಿಷನ್ನಿನ ಸೌಂಡು ರಿಪೇರಿಗೆ ಬೆಂಗಳೂರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಎಂಜಿನ್ನು ನೋಡಿ ಕೇಳಿದ, “ಏನ್ರೀ ಇಷ್ಟ್ ಜೋರಾಗಿ ಓಡಿಸ್ತೀರಾ? ಹಾಡೆಲ್ಲ ಅರ್ಧ ಸ್ವರ ಮೇಲಕ್ಕೆ ಹೋಗ್ತದಲ್ರೀ.” ಅವನಿಗೆ ಅದು ಸುಮ್ಮನೆ ಬಾಯಿಗೆ ಬಂದ ಮಾತು. ನನಗೆ ಆ ಹೋಟೆಲಿನ ಪರೀಕ್ಷೆ ನೆನಪಾಯಿತು. ಅರ್ಧ ಸ್ವರ ಮೇಲೆ. ಸ್ವಲ್ಪ ಮುಂದೆ ಓಟ. ಪಾಲಾಕ್ಷನ ಎರಡು ತಪ್ಪೂ ನನ್ನ ಸ್ಕ್ರೂವಿನಲ್ಲಿ ಇದ್ದವು.

ಹೇಳಬೇಕಿತ್ತು. ಹೇಳಲಿಲ್ಲ. ಅವನು ಊರಿಗೆ ಬಂದಾಗೆಲ್ಲ ಆ ಕವೆಯನ್ನು ನೋಡುತ್ತಿದ್ದೆ, ನಾಳೆ ಹೇಳೋಣ ಎನ್ನುತ್ತಿದ್ದೆ. ಹಾಗೆ ಐದು ವರ್ಷ ಕಳೆದೆ.

ಅರವತ್ತೆರಡರಲ್ಲಿ ಅವನು ಮದರಾಸಿಗೆ ಹೋಗಿ ಸ್ಟುಡಿಯೋಗಳಲ್ಲಿ ಗಿಟಾರು ನುಡಿಸುವ ಕೆಲಸಕ್ಕೆ ಸೇರಿದ. ಎರಡೇ ವರ್ಷದಲ್ಲಿ ಒಬ್ಬ ಕನ್ನಡದ ನಿರ್ಮಾಪಕರು ಸಂಗೀತ ನಿರ್ದೇಶನ ಕೊಟ್ಟರು. ಅವನು ಗಿಟಾರಿನ ಮೇಲೆ ಸ್ವರ ಹಾಕುತ್ತಿದ್ದ. ಅದರಿಂದ ನಿರ್ಮಾಪಕರಿಗೆ ಸಮಾಧಾನ ಇಲ್ಲ. “ಹಾರ್ಮೋನಿಯಂ ಇಲ್ಲದೆ ಎಂಥ ಮ್ಯೂಸಿಕ್ ಡೈರೆಕ್ಟರಪ್ಪ?” ಎಂದರಂತೆ. ಮಾರನೇ ದಿನ ಬಾಡಿಗೆಗೆ ಒಂದು ಹಾರ್ಮೋನಿಯಂ ತಂದು ಎದುರಿಗೆ ಇಟ್ಟುಕೊಂಡ. ಏಳು ಚಿತ್ರಕ್ಕೂ ಅದು ಅಲ್ಲೇ ಇತ್ತು. ಕಾಫಿ ಲೋಟ ಇಡಲು ಎತ್ತರ ಸರಿಹೋಗುತ್ತಿತ್ತು ಎಂದು ಪ್ರೇಮಕುಮಾರಿಯವರು ಬೆಳಿಗ್ಗೆ ಹೇಳಿದರು.

ರಾಕ್ ಗಿಟಾರಿನವನು, ಕುಣಿಸುವ ಹಾಡು ಕೊಡುತ್ತಾನೆ ಎಂದು ಕರೆದಿದ್ದರು. ಅವನು ಕೊಟ್ಟದ್ದು ನಿಧಾನದ ಹಾಡುಗಳನ್ನು. ಈಗ ನನಗಿಂತ ಮುಂಚೆ ಮಾತಾಡಿದ ಅನಸೂಯಮ್ಮನವರು, ಅವನ ಮೂರು ಹಾಡು ಹಾಡಿದವರು, ‘ನಿಧಾನವೇ ಅವರ ಶೈಲಿ’ ಎಂದರು. ಪತ್ರಿಕೆಗಳೂ ಹಾಗೇ ಬರೆದವು. ಅನಸೂಯಮ್ಮನವರೇ, ಅದು ಶೈಲಿಯಾದದ್ದು ಆಮೇಲೆ. ಮೊದಲು ಅದು ಹೆದರಿಕೆ. ಎಲ್ಲಿ ಮತ್ತೆ ಓಡಿಬಿಡುತ್ತೇನೋ ಎಂಬ ಹೆದರಿಕೆ.

ಮೊದಲ ಚಿತ್ರದಲ್ಲಿ ಒಂದು ಹಾಡಿದೆ; ತಮಗೆಲ್ಲ ಗೊತ್ತು. ಗಿಟಾರು ಒಂದೇ ಶುರುವಾಗುತ್ತದೆ, ಬಹಳ ನಿಧಾನ, ಆಮೇಲೆ ದನಿ ಬರುತ್ತದೆ. ಆ ಹಾಡನ್ನು ಅವನು ಮೊದಲು ಕಟ್ಟಿದ್ದು ಮನೆಯ ಜಗಲಿಯಲ್ಲಿ ಕೂತು. ತಾಯಿ ಒಳಗಿನಿಂದ ಕೇಳಿಸಿಕೊಂಡಿದ್ದರು.

ಆ ಚಿತ್ರ ಅರವತ್ತೈದರ ಡಿಸೆಂಬರಿನಲ್ಲಿ ಅರಕಲಗೂಡಿನ ನಮ್ಮ ಟೆಂಟಿಗೆ ಬಂತು. ಪಾಲಾಕ್ಷ ಮದರಾಸಿನಿಂದ ಬಂದ. ಗುರುಸಿದ್ದಮ್ಮನವರು ಅದುವರೆಗೆ ಸಿನಿಮಾ ನೋಡಿದವರಲ್ಲ. ಮಗನ ಹೆಸರು ಪರದೆಯ ಮೇಲೆ ಬರುತ್ತದೆ ಎಂದು ಸಂಜೆ ಆಟಕ್ಕೆ ಹೊರಟಿದ್ದರು. ಮಧ್ಯಾಹ್ನ ಅವನು ಟೆಂಟಿಗೆ ಬಂದಾಗ ನನಗೆ ಇನ್ನು ತಡೆಯಲಾಗಲಿಲ್ಲ. ಅವನು ಕಟ್ಟಿದ ಹಾಡು, ಕೈಯಲ್ಲಿ ಕವೆ — ಹೇಗೂ ಗೊತ್ತಾಗುತ್ತದೆ. ಎಲ್ಲ ಹೇಳಿದೆ. ಸ್ಕ್ರೂ ತೋರಿಸಿದೆ.

ಅವನು ಬಗ್ಗಿ ಆ ಸ್ಕ್ರೂವನ್ನು ಬೆರಳಿನಿಂದ ಮುಟ್ಟಿದ.

“ಎಂಟ್ ವರ್ಷ ಲಕ್ಕಣ್ಣ,” ಎಂದ. “ಎಂಟ್ ವರ್ಷ ನನ್ ಕಿವಿ ಕೆಟ್ಟೈತೆ ಅಂತ್ಲೇ ಬದುಕ್ದೆ.”

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತೆಗೆದು ಆಚೆ ಇಟ್ಟ.

“ಆಗಿದ್ದಾಯ್ತು. ಒಂದೇ ಒಂದ್ ಕೆಲ್ಸ ಮಾಡು. ಇವತ್ತೊಂದಿನ ತಿರುಗಿಸ್ಬ್ಯಾಡ. ಅವ್ವ ಬತ್ತಾವ್ಳೆ. ಅವ್ವ ಸರಿಯಾಗಿ ಕೇಳ್ಲಿ.”

“ಆಗ್ಲಿ ಪಾಲಾಕ್ಷಪ್ಪ. ಮುಟ್ಟಾಕಿಲ್ಲ,” ಎಂದೆ.

— ಸ್ವಲ್ಪ ನೀರು ಕೊಡಿ.

ಅವತ್ತು ಟೆಂಟು ತುಂಬಿ ಹೊರಗೂ ಜನ. ಹಳ್ಳಿಗಳಿಂದ ಬಂದವರೇ ಹೆಚ್ಚು. ಆಟ ಶುರುವಾಗಿ ಮೂರನೇ ರೀಲಿಗೆ ಮಾಲೀಕರು ಎಂಜಿನ್ನಿನ ಹತ್ತಿರ ಬಂದರು. “ಯಾಕೋ ಎಳೀತಾ ಐತೆ? ಇಷ್ಟ್ ಜನ ಬಸ್ ತಪ್ಪಿಸ್ಕಂಡ್ರೆ ಎಲ್ ಮಲಗಿಸ್ತೀಯೋ, ನಿಮ್ ಕೇರೀಲಾ?” ಎಂದರು. ಆಗ ನನ್ನ ಮನೆಯಲ್ಲಿ ಐದು ಜನ. ಕೆಲಸ ಅದೊಂದೇ. ಇದನ್ನು ನೆಪ ಎಂದು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ತಿರುಗಿಸಿದೆ. ಕಾಲು ಸುತ್ತು.

ನಾಲ್ಕನೇ ರೀಲಿನಲ್ಲಿ ಆ ಹಾಡು. ಗಿಟಾರು ಶುರುವಾಯಿತು. ಕುರ್ಚಿಯಲ್ಲಿ ಕೂತಿದ್ದ ಪಾಲಾಕ್ಷ ಜೇಬಿಗೆ ಕೈ ಹಾಕಿದ್ದು ಕಂಡಿತು. ಕವೆ ತೆಗೆಯಲಿಲ್ಲ. ಈ ಸಲ ಅವನಿಗೆ ಕವೆ ಬೇಕಾಗಲಿಲ್ಲ. ಎದ್ದ. ನನ್ನ ಕಡೆಗೆ ತಿರುಗಿಯೂ ನೋಡದೆ ಟೆಂಟಿನ ಬಟ್ಟೆ ಸರಿಸಿ ಹೊರಗೆ ಹೋದ.

ಆಟ ಬಿಟ್ಟ ಮೇಲೆ ಗುರುಸಿದ್ದಮ್ಮನವರು ನನ್ನ ಹತ್ತಿರ ಬಂದರು. “ಚೆನ್ನಾಗೈತೆ ಲಕ್ಕಯ್ಯ,” ಎಂದರು. “ಎಲ್ಲಾ ಚೆನ್ನಾಗೈತೆ. ಆದ್ರೆ ಮನೇಲಿ ನುಡಿಸ್ದಾಗ ಇಂಗಿರ್ಲಿಲ್ಲ ಕಣಪ್ಪ. ಯಾರೋ ನನ್ ಮಗನ್ನ ಅಟ್ಟಿಸ್ಕಂಡ್ ಬಂದಂಗೈತೆ.” ಹದಿನೈದು ರೀಲು, ಆರು ನೂರು ಜನ. ಪಾಲಾಕ್ಷನನ್ನು ಬಿಟ್ಟರೆ ಆ ಓಟ ಕೇಳಿಸಿದ್ದು ಅವರೊಬ್ಬರಿಗೇ.

“ಸಿನಿಮಾ ಅಂದ್ರೆ ಅಂಗೇಯ ಅಮ್ಮಾ,” ಎಂದೆ ನಾನು.

ಎರಡೂವರೆ ವರ್ಷ ಪಾಲಾಕ್ಷ ನನ್ನ ಜೊತೆ ಮಾತಾಡಲಿಲ್ಲ. ಅವನಿಗೆ ಕೋಪ ಬಂದದ್ದು ತನ್ನ ಎಂಟು ವರ್ಷಕ್ಕಲ್ಲ. ಆ ಒಂದು ಸಂಜೆಗೆ. ನಾನು ಮರುವರ್ಷ ಟೆಂಟು ಬಿಟ್ಟು ಹಾಸನಕ್ಕೆ ಬಂದೆ. ಹೋದ ವರ್ಷ ಜೂನಿನಲ್ಲಿ ಒಂದು ದಿನ ಮಧ್ಯಾಹ್ನದ ಆಟ ನಡೆಯುವಾಗ ಮಿಷನ್ ರೂಮಿನ ಬಾಗಿಲು ತಳ್ಳಿಕೊಂಡು ಬಂದ. ದಪ್ಪಗಾಗಿದ್ದ, ಕಣ್ಣು ಆಗಲೇ ಹಳದಿ ತಿರುಗಿತ್ತೇನೋ. ಸ್ಟೂಲಿನ ಮೇಲೆ ಕೂತ. ಸುತ್ತ ನೋಡಿದ.

“ಇಲ್ಲಿ ಸ್ಕ್ರೂ ಎಲ್ಲೈತೆ ಲಕ್ಕಣ್ಣ?”

“ಇಲ್ಲಿಲ್ಲ. ಕರೆಂಟು. ಅದು ಓಡ್ದಷ್ಟೇ ಓಡ್ತದೆ. ನಾನ್ ಏಳುದ್ರೂ ಕೇಳಾಕಿಲ್ಲ.”

“ಅದ್ಕೇ ನಿನ್ನ ಇಲ್ಲಿಗ್ ಆಕವ್ರೆ,” ಎಂದು ನಕ್ಕ. ನಾನೂ ನಕ್ಕೆ. ಹಾಗೆ ಮಾತು ಮತ್ತೆ ಶುರುವಾಯಿತು. ಹೊರಡುವಾಗ ಆ ಕವೆಯನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟ. “ನಂಗಿನ್ ಬ್ಯಾಡ,” ಎಂದ. ಮೊದಲ ಚಿತ್ರದ ಪ್ರಿಂಟು ಹಾಸನಕ್ಕೆ ಬಂದಾಗ ತಾಯಿಯನ್ನು ಕರೆತರುವುದು, ಇಲ್ಲಿ, ಕರೆಂಟಿನ ಮಿಷನ್ನಿನಲ್ಲಿ ಕೇಳಿಸುವುದು — ಹಾಗೆ ಮಾತಾಡಿಕೊಂಡೆವು. ಪ್ರಿಂಟಿಗಾಗಿ ನಾನು ವಿತರಕರಿಗೆ ಎರಡು ಸಲ ಕಾಗದ ಬರೆದೆ. ಬೇರೆ ಜಿಲ್ಲೆಯಲ್ಲಿ ಓಡುತ್ತಿದೆ ಎಂದರು. ಮೂರನೇ ಕಾಗದಕ್ಕೆ ಉತ್ತರ ಬರುವ ಮುಂಚೆ ಮದರಾಸಿನಿಂದ ತಂತಿ ಬಂತು.

ಮಹನೀಯರೇ, ಮುಗಿಸುತ್ತೇನೆ.

ಅರಕಲಗೂಡಿನವರು ಊರಿಗೆ ಹೋಗಿ ಪೇಟೆಯಲ್ಲಿ ಹೇಳಿ: ಪಾಲಾಕ್ಷನ ಕಿವಿ ಸರಿಯಾಗಿತ್ತು. ಕೇಳಿದ್ದನ್ನು ಕೇಳಿದ ಹಾಗೇ, ಕೂದಲೆಳೆಯಷ್ಟೂ ತಪ್ಪದೆ ಹಿಡಿದ ಕಿವಿ ಅದು. ಕೇಳಿಸಿದ್ದು ತಪ್ಪು. ಕೇಳಿಸಿದವನು ನಾನು. ಪತ್ರಿಕೆಗೂ ಬರೆದು ಕಳಿಸಿದ್ದೇನೆ. ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ.

ಗುರುಸಿದ್ದಮ್ಮನವರೇ — ಅಮ್ಮ. ನಾಲ್ಕು ವರ್ಷದ ಹಿಂದೆ ಟೆಂಟಿನಲ್ಲಿ ತಾವು ಆಡಿದ ಮಾತಿಗೆ ನಾನು ಸುಳ್ಳು ಉತ್ತರ ಕೊಟ್ಟೆ. ಸಿನಿಮಾ ಹಾಗಿರುವುದಿಲ್ಲ. ತಮ್ಮ ಮಗನ ಹಾಡೂ ಹಾಗಿರಲಿಲ್ಲ. ಅದು ಜಗಲಿಯಲ್ಲಿ ತಾವು ಕೇಳಿದಷ್ಟೇ ನಿಧಾನವಾಗಿದೆ. ಅಟ್ಟಿಸಿಕೊಂಡು ಬಂದವನು ನಾನಮ್ಮ. ಹೇಳಿದ ಮಾತ್ರಕ್ಕೆ ಅದು ಸರಿಹೋಗುತ್ತದೆ ಎಂದು ನಾನು ತಿಳಿದಿಲ್ಲ. ತಮಗೆ ಗೊತ್ತಿರಲಿ ಎಂದು ಹೇಳಿದೆ. ಈ ಕವೆ ಪ್ರೇಮಕುಮಾರಿಯವರಿಗೆ ಸೇರಬೇಕಾದದ್ದು. ಫೋಟೋದ ಮುಂದೆ ಇಡುತ್ತಿದ್ದೇನೆ.

ಇನ್ನು ಮೌನ. ನಮ್ಮ ಸಭೆಗಳಲ್ಲಿ ಎರಡು ನಿಮಿಷ ಎನ್ನುತ್ತೇವೆ, ಅರ್ಧ ನಿಮಿಷಕ್ಕೆ ಯಾರೋ ಕೆಮ್ಮುತ್ತಾರೆ, ಅಲ್ಲಿಗೆ ಕೂತುಬಿಡುತ್ತೇವೆ. ಹೋದ ಎರಡು ಸಭೆಗಳಲ್ಲೂ ನಾನು ಗಡಿಯಾರ ನೋಡಿದ್ದೇನೆ. ಇವತ್ತು ಅಧ್ಯಕ್ಷರನ್ನು ಕೇಳಿ ಗಡಿಯಾರವನ್ನು ನಾನೇ ಇಟ್ಟುಕೊಂಡಿದ್ದೇನೆ. ಎರಡು ನಿಮಿಷ — ಒಂದು ರೀಲು ತೆಗೆದು ಇನ್ನೊಂದು ಹಾಕುವಷ್ಟು ಹೊತ್ತು. ಆ ಹೊತ್ತನ್ನು ತುಂಬಿಸುತ್ತಿದ್ದವನು ಈಗ ಇಲ್ಲ. ಖಾಲಿಯಾಗಿಯೇ ಇರಲಿ.

ಆಚೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸು ನಿಂತಿದೆ, ಗೊತ್ತು. ಹೋದರೆ ಹೋಗಲಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಮ್ಮ, ತಾವು ಕೂತೇ ಇರಿ. ಪೂರ್ತಿ ಎರಡು ನಿಮಿಷ. ಈ ಸಲ ನಾನು ಓಡಿಸುವುದಿಲ್ಲ.